ಗುರುತು ಉಳಿಸದವನು

ಹೊಸಬರಿಗೆ ಕಾಡಿನ ಸರೋವರದಲ್ಲಿ ದೋಣಿ ನಡೆಸುವುದನ್ನು, ದಡದಲ್ಲಿ ಟೆಂಟು ಹಾಕಿ ತಂಗುವುದನ್ನು ಕಲಿಸುವುದು ನನ್ನ ಕೆಲಸ. ಇಪ್ಪತ್ತೆರಡು ವರ್ಷಗಳಿಂದ ಅದನ್ನೇ ಮಾಡುತ್ತಿದ್ದೇನೆ. ಬೆನ್ನ ಹಿಂದೆ ನನ್ನನ್ನು ಪೊರಕೆ ಟೀಚರ್ ಅನ್ನುತ್ತಾರೆಂದು ಗೊತ್ತು. ಅನ್ನಲಿ. ಹುಟ್ಟು ಹಾಕುವುದನ್ನು ಯಾರು ಬೇಕಾದರೂ ಅರ್ಧ ದಿನದಲ್ಲಿ ಕಲಿತುಬಿಡುತ್ತಾರೆ; ತಾವು ಮಾಡಿದ ಗಲೀಜನ್ನು ತಾವೇ ತೆಗೆಯುವುದನ್ನು ಕಲಿಸುವಷ್ಟರಲ್ಲಿ ನನಗೆ ಸಾಕುಸಾಕಾಗಿಹೋಗುತ್ತದೆ.

ಪಾತ್ರೆ ತೊಳೆದ ನೀರನ್ನು ದಡದಿಂದ ಎಪ್ಪತ್ತು ಹೆಜ್ಜೆ ಆಚೆ ಚೆಲ್ಲಬೇಕು. ಬೂದಿ ಕೈಯಿಟ್ಟರೆ ತಣ್ಣಗಿರಬೇಕು, ಆಮೇಲೆ ಅದನ್ನು ಚದುರಿಸಬೇಕು. ಒಲೆ ಹೂಡಿದ ಮೂರು ಕಲ್ಲುಗಳನ್ನು ಎಲ್ಲಿಂದ ತಂದಿರೋ ಅಲ್ಲೇ, ಮಸಿ ಹಿಡಿದ ಮಗ್ಗುಲು ಕೆಳಗಾಗಿ, ಇಟ್ಟು ಬರಬೇಕು. ಕೊನೆಗೆ ಬಿದ್ದ ಕೊಂಬೆಯೊಂದನ್ನು ಹಿಡಿದು ಹೆಜ್ಜೆಗುರುತು ಗುಡಿಸಬೇಕು. "ನಿಮ್ಮ ಹಿಂದೆ ನಾನು ಬಂದು ನೋಡ್ತೀನಿ. ಇಲ್ಲಿ ಯಾರೋ ಇದ್ರು ಅಂತ ಗೊತ್ತಾಯ್ತೋ, ನೀವು ಫೇಲು," ಎಂದು ಹೆದರಿಸುತ್ತೇನೆ.

ಈ ಪರೀಕ್ಷೆಯಲ್ಲಿ ನೂರಕ್ಕೆ ನೂರು ತೆಗೆದವನು ಒಬ್ಬನೇ, ನನ್ನ ತಮ್ಮ. ಅವನು ಪ್ರೆಸ್ಸಿನಲ್ಲಿ ಕರಡು ತಿದ್ದುತ್ತಿದ್ದವನು. ಒಂದು ಅಕ್ಷರದ ತಪ್ಪೂ ಉಳಿಯದಂತೆ ನೋಡುವುದೇ ಅವನ ಹೊಟ್ಟೆಪಾಡು. ಕಾಡಿಗೂ ಅದೇ ಬುದ್ಧಿ ತಂದಿದ್ದ.

ಮೂರು ವರ್ಷದ ಹಿಂದೆ ಅವನು ಮೊದಲ ಸಲ ನಾನಿಲ್ಲದೆ ಹೊರಟ. ಎರಡು ದಿನದ ಪ್ರವಾಸ, ಒಂದು ರಾತ್ರಿ ಏಳನೇ ತಂಗುದಾಣದಲ್ಲಿ. ಜೊತೆಗೆ ಹೋಗಬೇಕಿದ್ದ ಹೆಂಡತಿಗೆ ಜ್ವರ ಬಂದಿತ್ತು. ಒಬ್ಬನೇ ಹೋಗಕೂಡದು ಎಂಬುದು ನಾನೇ ಹೇಳಿಕೊಡುವ ನಿಯಮ, ಆದರೂ ಅವನ ಪರವಾನಗಿ ಚೀಟಿಗೆ ನಾನೇ ಸಹಿ ಹಾಕಿದೆ. ಎರಡನೆಯ ಸಂಜೆ ಅವನು ಬರಲಿಲ್ಲ. ಮೂರನೆಯ ಬೆಳಿಗ್ಗೆ ಅವನ ದೋಣಿ ಪಶ್ಚಿಮದ ದಡಕ್ಕೆ ತೇಲಿ ಬಂದು ನಿಂತಿತ್ತು. ಟೆಂಟು, ಚೀಲ ಎಲ್ಲವೂ ಅದರಲ್ಲೇ ಇದ್ದವು. ವಾಪಸು ಬರುವಾಗ ನೀರಿಗೆ ಬಿದ್ದಿದ್ದಾನೆಂದು ಕಾವಲುಗಾರರು ಆ ಕಡೆ ಹುಡುಕತೊಡಗಿದರು. ನಾನೊಬ್ಬಳು ಏಳನೆಯದನ್ನು ನೋಡಿಬರಲು ಹೋದೆ. ಅಲ್ಲಿ ಬೂದಿಯಿಲ್ಲ, ಕಲ್ಲಿಲ್ಲ, ಒಂದು ಹೆಜ್ಜೆಯೂ ಇಲ್ಲ. "ಇಲ್ಲಿಗೆ ಅವನು ಬಂದೇ ಇಲ್ಲ," ಎಂದು ವೈರ್‌ಲೆಸ್ಸಿನಲ್ಲಿ ಹೇಳಿದೆ. ಟೀಚರ್ ಹೇಳಿದ ಮೇಲೆ ಮುಗಿಯಿತು, ಎಲ್ಲರೂ ಪಶ್ಚಿಮಕ್ಕೇ ಹೋದರು.

ಆರನೆಯ ದಿನ, ಏಳನೇ ತಂಗುದಾಣದ ಹಿಂದಿನ ಇಳಿಜಾರಿನಲ್ಲಿ, ಬಂಡೆಗಳ ಸಂದಿಯಲ್ಲಿ ಅವನು ಸಿಕ್ಕಿದ. ಕಾಲು ಮುರಿದಿತ್ತು. ಕೈಯ ಹತ್ತಿರ ಒಲೆಯ ಕಲ್ಲೊಂದು ಬಿದ್ದಿತ್ತು. ದೋಣಿಗೆ ಸಾಮಾನು ತುಂಬಿ, ನೆಲ ಗುಡಿಸಿ, ಕಟ್ಟಕಡೆಯ ಕಲ್ಲನ್ನು ಅದರ ಜಾಗದಲ್ಲಿ ಇಡಲು ಮೇಲೆ ಹತ್ತಿ ಜಾರಿದ್ದ. ನಾಲ್ಕನೆಯ ದಿನದವರೆಗೂ ಜೀವ ಇತ್ತೆಂದು ಡಾಕ್ಟರು ನನ್ನೊಬ್ಬಳಿಗೇ ಹೇಳಿದರು. ಅವನ ಹೆಂಡತಿಗೆ ನಾನು, ಬಿದ್ದ ಕೂಡಲೇ ಹೋಗಿಬಿಟ್ಟನಂತೆ ಅಂದೆ.

ಅಂದಿನಿಂದ ಏಳನೆಯದರಲ್ಲಿ ಒಲೆ ಎದ್ದು ನಿಲ್ಲುತ್ತದೆ. ತಂಗಿದವರು ಹೊರಟ ಮೇಲೆ ನಾನು ಹೋಗಿ ನೋಡಿದರೆ ಮೂರು ಕಲ್ಲು, ಮಸಿಯ ಮಗ್ಗುಲು ಹೊರಗೆ. ಮೊದಮೊದಲು ಎಲ್ಲರಿಗೂ ಮಂಗಳಾರತಿ ಎತ್ತಿದೆ. ಒಬ್ಬ ನಿವೃತ್ತ ಪೋಸ್ಟ್‌ಮಾಸ್ಟರು ಅಳುಮೋರೆ ಮಾಡಿಕೊಂಡು, "ನಾವು ಒಲೆ ಹೂಡ್ಲೇ ಇಲ್ಲ ಟೀಚರ್, ಗ್ಯಾಸ್ ಸ್ಟವ್ ತಗೊಂಡು ಹೋಗಿದ್ವಿ," ಅಂದರು. ಆಮೇಲೆ, ಕಾಡಿಗೆ ಯಾರನ್ನೂ ಬಿಡದ ತಿಂಗಳಲ್ಲಿ ನಾನೇ ಹೋಗಿ ಕಲ್ಲುಗಳನ್ನು ಇಳಿಜಾರಿನ ಮೇಲೆ ಅವುಗಳ ಜಾಗದಲ್ಲಿ ಇಟ್ಟು, ನೆಲ ಗುಡಿಸಿ ಬಂದೆ. ವಾರ ಬಿಟ್ಟು ನೋಡಿದಾಗ ಒಲೆ ಇತ್ತು. ಇಳಿಜಾರಿನಿಂದ ಒಲೆಯವರೆಗೆ ಒಬ್ಬನ ಬೂಟಿನ ಗುರುತುಗಳಿದ್ದವು. ಇಳಿದು ಬಂದವು ಮಾತ್ರ. ಹತ್ತಿ ಹೋದವು ಇರಲಿಲ್ಲ. ಬಿದ್ದ ಕೊಂಬೆಯೊಂದನ್ನು ಎತ್ತಿಕೊಂಡೆ. ಅವನ್ನೂ ಗುಡಿಸಿದೆ.

ಈ ಸಲದ ಹೊಸಬರ ಪಟ್ಟಿಯಲ್ಲಿ ತಮ್ಮನ ಹೆಂಡತಿಯ ಹೆಸರಿತ್ತು. ಅವಳು ಶಾಲೆಯಲ್ಲಿ ಗಣಿತ ಹೇಳಿಕೊಡುತ್ತಾಳೆ. ನನಗೆ ಅಂತ ಉಳಿದಿರುವವಳು ಅವಳೊಬ್ಬಳೇ. ಭಾನುವಾರದ ಊಟ ಅವಳ ಮನೆಯಲ್ಲೇ. ನನ್ನ ಮಾತ್ರೆಯ ಡಬ್ಬಿ ತುಂಬುವವಳೂ ಅವಳೇ. "ನಮ್ಮ ಅತ್ತಿಗೆ ಊಟ ನಿದ್ದೆ ಬಿಟ್ಟು, ಒಂದು ಮೂಲೆ ಬಿಡದೆ ಹುಡುಕಿದ್ರು," ಎಂದು ಕಂಡಕಂಡವರಿಗೆಲ್ಲ ಹೇಳುತ್ತಾಳೆ. ಅದನ್ನು ಕೇಳಿದಾಗಲೆಲ್ಲ ನಾನು ಎದ್ದು ತಟ್ಟೆ ತೊಳೆಯಲು ಹೋಗುತ್ತೇನೆ. ನಿಜ ತಿಳಿದರೆ ಅವಳು ಬಾಗಿಲು ಹಾಕಿಕೊಳ್ಳುತ್ತಾಳೆಂಬ ಭಯದಲ್ಲೇ ಮೂರು ವರ್ಷ ಕಳೆದಿದ್ದೇನೆ.

"ಏಳನೆಯದಕ್ಕೇ ಹೋಗೋಣ ಅತ್ತಿಗೆ," ಅಂದಳು. ಬೇಡವೆನ್ನಲು ನೆವ ಹುಡುಕಿದೆ, ಒಂದೂ ಸಿಗಲಿಲ್ಲ.

ಬೆಳಿಗ್ಗೆ ನಾವಿಬ್ಬರೇ ಹೊರಟೆವು. ಅವಳು ಮುಂದೆ, ದಿಕ್ಕು ಹಿಡಿಯಲು ನಾನು ಹಿಂದೆ. "ಅದೇನು ಸೌಟು ಹಿಡಿದ ಹಾಗೆ ಹಿಡ್ಕೊಂಡಿದ್ದೀಯ? ಮೇಲಿನ ಕೈ ಹಿಡಿಕೆ ತುದಿಗೆ ಬರ್ಲಿ," ಎಂದು ಗದರಿದೆ. ಅವಳು ನಕ್ಕಳು.

ದಡ ಮುಟ್ಟಿದಾಗ ಒಲೆ ನಿಂತಿತ್ತು. ನಾನು ಅಭ್ಯಾಸಬಲದಿಂದ ಕಲ್ಲು ಎತ್ತಲು ಬಾಗಿದೆ.

"ಇರ್ಲಿ ಬಿಡಿ," ಅಂದಳು. "ನಿಮ್ಮ ತಮ್ಮ ಬಂದಿದ್ದಾಗ ಇಲ್ಲಿ ಇಂಥದ್ದೇನಾದ್ರೂ ಇತ್ತಾ?"

"ಏನೂ ಇರ್ಲಿಲ್ಲ. ಗುಡಿಸಿಟ್ಟ ಹಾಗಿತ್ತು."

"ಯಾವಾಗ ನೋಡಿದ್ರಿ?"

ಲೆಕ್ಕ ಹೇಳಿಕೊಡುವವಳ ಕಿವಿ ಅದು. ಅವನು ಸಿಕ್ಕಿದ ಮೇಲೆ ಅಂದುಬಿಟ್ಟಿದ್ದರೆ ಬಚಾವಾಗುತ್ತಿದ್ದೆ. ಆ ಒಲೆಯ ಮುಂದೆ ನಿಂತು ಇನ್ನೊಂದು ಸುಳ್ಳು ಬಾಯಿಗೆ ಬರಲಿಲ್ಲ. ಮೂರನೆಯ ಬೆಳಿಗ್ಗೆ ಬಂದದ್ದು, ದೋಣಿಯಿಂದ ಇಳಿಯದೆ ತಿರುಗಿಹೋದದ್ದು, ಡಾಕ್ಟರು ಹೇಳಿದ ನಾಲ್ಕನೆಯ ದಿನ, ಎಲ್ಲವನ್ನೂ ಹೇಳಿದೆ.

ಅವಳು ಅಳಲಿಲ್ಲ. "ನಿಮ್ಮ ದೋಣಿ ಎಲ್ಲಿತ್ತು?" ಎಂದು ಕೇಳಿದಳು. ತೋರಿಸಿದೆ.

"ಅಲ್ಲಿಂದ ಅವರನ್ನ ಕೂಗಿದ್ರಾ?"

"ಇಲ್ಲ. ನೆಲ ನೋಡಿ, ಯಾರೂ ಇಲ್ಲ ಅಂದ್ಕೊಂಡೆ."

"ಒಂದ್ಸಲನೂ?"

"ಒಂದ್ಸಲನೂ ಕೂಗ್ಲಿಲ್ಲ ಕಣೇ."

ಅವಳು ಹೋಗಿ ದೋಣಿಯಲ್ಲಿ ಕುಳಿತಳು. "ನಡೀರಿ, ಅಲ್ಲಿಗೇ." ದಡದಿಂದ ಎರಡು ದೋಣಿಯುದ್ದ ದೂರದಲ್ಲಿ, ಅಂದು ನಾನು ನಿಂತಲ್ಲೇ ನಿಲ್ಲಿಸಿದೆ. ಅವಳ ಬೆನ್ನು ನನಗಿತ್ತು, ಮುಖ ಇಳಿಜಾರಿಗಿತ್ತು.

"ಈಗ ಕೂಗಿ."

ಚಿಕ್ಕವನಿದ್ದಾಗ ಕರೆಯುತ್ತಿದ್ದ ಹೆಸರು ಹಿಡಿದು ಕರೆದೆ. ಕೂಗು ಅನ್ನುವಷ್ಟು ದನಿಯೂ ಏಳಲಿಲ್ಲ.

ಬಂಡೆಗಳ ಕಡೆಯಿಂದ ಆ ಕ್ಷಣವೇ, ಪಕ್ಕದ ಕೋಣೆಯಿಂದ ಬಂದಷ್ಟು ಸಲೀಸಾಗಿ, ಉತ್ತರ ಬಂತು.

"ಏನಕ್ಕಾ?"

ಅವಳ ಕೈಯಿಂದ ಹುಟ್ಟು ಜಾರಿ ನೀರಿಗೆ ಬಿತ್ತು. ಎತ್ತಿಕೊಳ್ಳಲು ಅವಳು ಬಾಗಲಿಲ್ಲ. ನನ್ನ ಕಡೆ ತಿರುಗದೆಯೇ ಕೇಳಿದಳು.

"ಅವರು ಇಷ್ಟು ಹತ್ತಿರ ಇದ್ರಾ?"