ಬಲಗಡೆ ಕಾರ್ಬುರೇಟರು

ವೆಂಕಟಾಚಲನಿಗೆ ಅಮೆರಿಕದ ಯೂನಿಯನ್ ಸಿಟಿಯಲ್ಲಿ ಮನೆಯಿತ್ತು, ಒಳ್ಳೇ ಕೆಲಸವಿತ್ತು. ಆದರೆ ಅವನು ಜಂಬ ಕೊಚ್ಚುತ್ತಿದ್ದದ್ದು ಮಾತ್ರ ಗ್ಯಾರೇಜಿನಲ್ಲಿದ್ದ ಇಪ್ಪತ್ತು ವರ್ಷ ಹಳೆಯ ಇಂಗ್ಲಿಷ್ ಬೈಕಿನ ಬಗ್ಗೆ. ಗುಜರಿ ಸೇರಬೇಕಿದ್ದ ಅದಕ್ಕೆ ಜೀವ ಕೊಟ್ಟವರು ಇಬ್ಬರು, ಅವನು ಮತ್ತು ಅವನ ಹೆಂಡತಿ ಪದ್ಮಜಾಳ ತಮ್ಮ ಗುರುಪ್ರಸಾದ. ಪಕ್ಕದೂರು ಹೇವರ್ಡ್‌ನಲ್ಲಿ ಎಂ.ಎಸ್. ಓದುತ್ತ ಅಕ್ಕನ ಮನೆಯಲ್ಲಿದ್ದ ಗುರುಪ್ರಸಾದ ವರ್ಷವಿಡೀ ಶನಿವಾರಗಳನ್ನು ಆ ಬೈಕಿಗೇ ಸುರಿದಿದ್ದ. ಆದರೂ ನೆಂಟರಿಷ್ಟರ ಮುಂದೆ ವೆಂಕಟಾಚಲನ ಬಾಯಲ್ಲಿ ಅದು "ನಾನು ರೆಡಿ ಮಾಡಿದ ಬೈಕು" ಆಗಿಬಿಡುತ್ತಿತ್ತು.

ಆಯುಧಪೂಜೆಗೆ ಬೈಕು ಫಳಫಳ ಹೊಳೆಯಿತು. ಊರಿಗೆ ಕಳಿಸುವ ಫೋಟೋದಲ್ಲಿ ಚೆಂದ ಕಾಣಲಿ ಅಂತ ವೆಂಕಟಾಚಲ, ಸಿಲಿಂಡರಿಗೊಂದರಂತೆ ಪೆಟ್ರೋಲಿಗೆ ಗಾಳಿ ಬೆರೆಸಿ ಕೊಡುವ ಎರಡೂ ಕಾರ್ಬುರೇಟರುಗಳ ಬಾಯಿ ಮುಚ್ಚಿದ್ದ ಏರ್ ಫಿಲ್ಟರು ಬಿಚ್ಚಿಟ್ಟ. ಮಂತ್ರ ಹೇಳಿ, ಯಜಮಾನನ ಗತ್ತಿನಲ್ಲಿ ಮುಷ್ಟಿ ತುಂಬ ಅಕ್ಷತೆ ಎರಚಿದ. ಫೋಟೋ ಆದ ಮೇಲೆ ಫಿಲ್ಟರು ಮತ್ತೆ ಕೂರಿಸಿದ.

ಮರುದಿನ ಗುರುಪ್ರಸಾದ ಕೇಳಿಕೊಂಡೇ ಬೈಕು ಒಯ್ದ. ಸಿಗ್ನಲಿಗೊಂದು ಸಲ ಇಂಜಿನ್ನು ಕೆಮ್ಮಿ ನಿಂತಿತು. ಹೇಗೋ ಮನೆ ಸೇರಲಿ ಅಂತ ದಾರಿಯಲ್ಲಿ, ಗಾಡಿ ನಿಂತಾಗಲೂ ಇಂಜಿನ್ನು ಆರದಂತೆ ಹದ ಮಾಡುವ ಐಡಲ್ ಸ್ಕ್ರೂ ಒಂಚೂರು ತಿರುಗಿಸಿದ. ಬಂದವನೇ ಅದನ್ನು ಹೇಳಿಯೂಬಿಟ್ಟ. ಹೇಳಿದ್ದೇ ತಪ್ಪಾಯಿತು. ವೆಂಕಟಾಚಲ ಸ್ಕ್ರೂ ಎಷ್ಟು ಆಡಿಸಿದರೂ ಬಲಗಡೆ ಸಿಲಿಂಡರು ಐಡಲಿನಲ್ಲಿ ಸರಿಯಾಗಿ ಓಡಲಿಲ್ಲ, ಪ್ಲಗ್ಗು ಮಸಿಯಾಗುವುದು ತಪ್ಪಲಿಲ್ಲ. ಆ ಸಿಟ್ಟು ಊಟದ ಹೊತ್ತಿಗೆ ಬಾಯಿಗೆ ಬಂತು.

"ಬಿಟ್ಟಿ ಊಟ ಮಾಡೋರಿಗೆ ಇನ್ನೊಬ್ಬರ ವಸ್ತು ಬೆಲೆ ಏನು ಗೊತ್ತಾಗತ್ತೆ?"

ಗುರುಪ್ರಸಾದ ಅರ್ಧ ಊಟಕ್ಕೇ ಎದ್ದು ಕೈತೊಳೆದ. ಸಂಜೆಯೊಳಗೆ ಹೇವರ್ಡ್‌ನಲ್ಲಿ ಸಹಪಾಠಿಗಳ ಅಪಾರ್ಟ್‌ಮೆಂಟು ಸೇರಿದ. ಅವನು ಬಿಟ್ಟೆದ್ದ ಅನ್ನವನ್ನು ಪದ್ಮಜಾ ಕಸಕ್ಕೆ ಸುರಿದಳು.

ದೀಪಾವಳಿ ಹತ್ತಿರ ಬಂತು. ತಮ್ಮನ ತಲೆಗೆ ಎಣ್ಣೆ ಇಡದೆ ಅವಳಿಗೆ ಹಬ್ಬವೇ ಅಲ್ಲ.

"ರೀ, ಪ್ರಸಾದನ್ನ ಹಬ್ಬಕ್ಕೆ ಕರೀರಿ. ಆ ಮಾತಂದೋರು ನೀವು, ನೀವೇ ಕರೀಬೇಕು."

"ತಪ್ಪು ಅವನದಲ್ಲ ಅಂತ ಗೊತ್ತಾಗಲಿ, ನಾನೇ ಫೋನು ಮಾಡಿ ಕರೀತೀನಿ."

ಈ ಮಾತನ್ನೇ ಅವಳು ಸೆರಗಿಗೆ ಗಂಟು ಹಾಕಿಕೊಂಡಳು. ಪೆಟ್ರೋಲಿನ ವಾಸನೆಗೇ ತಲೆನೋವು ಬರುವ ಹೆಂಗಸು ಹಬ್ಬದ ಹಿಂದಿನ ಶನಿವಾರ ಗಂಡನ ಪಕ್ಕ ಟಾರ್ಚು ಹಿಡಿದು ನಿಂತಳು.

ವೆಂಕಟಾಚಲ ಬಲಗಡೆ ಕಾರ್ಬುರೇಟರು ಬಿಚ್ಚಿದ. ಅದರ ಬಾಯಂಚಿನಲ್ಲಿ, ಐಡಲಿಗೆ ಗಾಳಿ ಹೋಗುವ ಸಣ್ಣ ತೂತು ಕಟ್ಟಿಕೊಂಡಿತ್ತು. ತಂತಿಯಿಂದ ಚುಚ್ಚಿ ಮೀಟಿದಾಗ ಏನೋ ಪುಟಕ್ಕನೆ ಕೆಳಗಿಟ್ಟಿದ್ದ ತಟ್ಟೆಗೆ ಬಿತ್ತು. ಅಕ್ಕಿಕಾಳು. ಒಂದು ತುದಿ ಕಪ್ಪಾಗಿತ್ತು, ಇನ್ನೊಂದು ತುದಿಯಲ್ಲಿ ಪದ್ಮಜಾ ಸ್ವತಃ ಕಲಸಿದ ಅರಿಶಿನ ಹಾಗೇ ಇತ್ತು.

ಅವಳಿಗೆ ನಗು ತಡೆಯಲಾಗಲಿಲ್ಲ. "ಅಯ್ಯೋ ರೀ, ಇದು ನೀವೇ ಎರಚಿದ ಅಕ್ಷತೆ!"

"ಟಾರ್ಚು ಸರಿಯಾಗಿ ಹಿಡಿ," ಅಂದ ಅವನು.

ಜೋಡಿಸಿ, ಕಿಕ್ ಹೊಡೆದು, ಎರಡು ಸೈಲೆನ್ಸರುಗಳ ಹಿಂದೆ ಅಂಗೈ ಹಿಡಿದು, ಎರಡರ ಉಸಿರೂ ಸಮವಾಗುವವರೆಗೆ ಸ್ಕ್ರೂ ತಿರುಗಿಸಿದ. ಇಂಜಿನ್ನು ಹದವಾಗಿ ಗುಡುಗುಡು ಅನ್ನತೊಡಗಿತು. ಅವನ ಮುಖ ಅರಳಿತು.

"ಕೇಳು, ಎಷ್ಟು ಚೆನ್ನಾಗಿದೆ!"

"ಪ್ರಸಾದನಿಗೆ ಫೋನು?"

"ನೋಡೋಣ. ಕೇಳದೆ ಸ್ಕ್ರೂ ಮುಟ್ಟಿದ್ದು ಅವನೇ ತಾನೆ?"

ಈ ಮನುಷ್ಯನಿಗೆ ಬೇಕಿದ್ದದ್ದು ಕಾರಣವಲ್ಲ, ತಪ್ಪಿನ ಹೊರೆ ಹೊರಿಸಲು ಒಂದು ತಲೆ ಅಂತ ಪದ್ಮಜಾಳಿಗೆ ಆಗ ಅರ್ಥವಾಯಿತು. ತಟ್ಟೆಯಿಂದ ಕಾಳು ಆರಿಸಿಕೊಂಡು ಒಳಗೆ ಹೋದಳು.

ಮಧ್ಯಾಹ್ನ ಊಟಕ್ಕೆ ಅವನ ತಟ್ಟೆಯ ತುದಿಗೆ, ಉಪ್ಪಿನಕಾಯಿ ಬಡಿಸುವ ಜಾಗದಲ್ಲಿ, ಆ ಕಾಳನ್ನಿಟ್ಟಳು. ಅವನು ಅದನ್ನು ನೋಡಿದ. ಅವಳು ಕಾದಳು. ಅವನು ಕಾಳನ್ನು ಬೆರಳ ತುದಿಯಿಂದ ಟೇಬಲ್ಲಿಗೆ ತಳ್ಳಿ, ಅನ್ನಕ್ಕೆ ಸಾರು ಕಲಸಿಕೊಂಡ.

"ಉಪ್ಪು ಸಾಲದು," ಅಂದ.

ಪದ್ಮಜಾ ಉಪ್ಪು ತರಲಿಲ್ಲ. ಅಡುಗೆಮನೆಯ ಗೋಡೆಯ ಫೋನೆತ್ತಿ, ಅವನಿಗೆ ಕೇಳಿಸಲೆಂದೇ ದನಿ ಎತ್ತಿ ಮಾತಾಡಿದಳು.

"ಪ್ರಸಾದ, ಹಬ್ಬಕ್ಕೆ ನೀನು ಇಲ್ಲಿಗೆ ಬರೋದು ಬೇಡ ಕಣೋ. ಎಣ್ಣೆ ತಗೊಂಡು ನಾನೇ ಅಲ್ಲಿಗೆ ಬರ್ತೀನಿ."