ತೀರಿಕೊಂಡ ಶ್ರೀಮತಿ

ಗಡಿಯಾರ ರಿಪೇರಿಯವನಿಗೆ ಯಾರಿಗೂ ಇಲ್ಲ ಎನ್ನಲು ನಾಲಿಗೆಯೇ ಹೊರಳುತ್ತಿರಲಿಲ್ಲ. ನಲವತ್ತೈದು ದಾಟಿದರೂ ಮದುವೆಯ ಗೋಜಿಗೆ ಹೋಗದೆ, ಅಕ್ಕನ ಮನೆಯ ಕೆಳಗಿನ ಪುಟ್ಟ ಅಂಗಡಿಯಲ್ಲಿ ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಹಾಯಾಗಿದ್ದ. ಒಂದು ದಿನ ಪೇಪರಿನಲ್ಲಿ, ಮುದಿ ಕತ್ತೆಗಳನ್ನು ಸಾಕುವ ಸಂಸ್ಥೆಯೊಂದರ ಫೋಟೊ ನೋಡಿದ. ಅದರಲ್ಲಿದ್ದ ಕುಂಟು ಕತ್ತೆ ತನ್ನನ್ನೇ ನೋಡುತ್ತಿದೆ ಅನ್ನಿಸಿ ಕರುಳು ಚುರುಕ್ಕೆಂದಿತು. ಅಂದೇ ದುಡ್ಡು ಕಳಿಸಿದ.

ಶುರುವಾಯಿತು ನೋಡಿ. ಮೊದಲು ಧನ್ಯವಾದದ ಕಾಗದ, ಅದರ ಬೆನ್ನಿಗೇ ಕತ್ತೆಗಳಿಗೆ ಕಂಬಳಿ ಬೇಕೆಂಬ ಕಾಗದ. ಆಮೇಲೆ ಅವನು ಹೆಸರೇ ಕೇಳದ ಬೇರೆ ಸಂಸ್ಥೆಗಳು: ಗೂಬೆಗಳವರು, ಆಮೆಗಳವರು. ಕೂದಲೆಳೆಯಂಥ ಸ್ಕ್ರೂವನ್ನು ಚಿಮಟದಲ್ಲಿ ಹಿಡಿದ ಹೊತ್ತಿಗೆ ಸರಿಯಾಗಿ ಫೋನು ಬಡಿದುಕೊಳ್ಳುತ್ತಿತ್ತು. ಸ್ಕ್ರೂ ಎಲ್ಲಿಗೋ ಚಿಮ್ಮುತ್ತಿತ್ತು. ಅವನು ನೆಲದ ಮೇಲೆ ಮೊಣಕಾಲೂರಿ ಅದನ್ನು ಹುಡುಕುತ್ತಲೇ ಆಮೆಗಳ ಕಷ್ಟಸುಖ ಕೇಳುತ್ತಿದ್ದ. ಬೇಡ ಅಂದರೆ ಬಾಯೇನು ಸವೆದುಹೋಗುತ್ತದೆಯೇ ಎಂದು ಅಕ್ಕ ಮೇಲಿನಿಂದಲೇ ಗದರುತ್ತಿದ್ದಳು.

ಇದರ ಜೊತೆಗೆ, ಕತ್ತೆಗಳವರಿಂದ ಬರುವ ಕಾಗದಗಳೆಲ್ಲ ಎರಡೆರಡು: ಒಂದು ಶ್ರೀಯವರಿಗೆ, ಇನ್ನೊಂದು ಅದೇ ಹೆಸರಿನ ಶ್ರೀಮತಿಯವರಿಗೆ. ಒಂದು ಮಧ್ಯಾಹ್ನ ಮೂರನೆಯ ಸಲ ಸ್ಕ್ರೂ ಚಿಮ್ಮಿದಾಗ ಫೋನಿನಲ್ಲಿ ಹೆಣ್ಣುದನಿಯೊಂದು, ಶ್ರೀಮತಿಯವರು ಇದ್ದಾರೆಯೇ ಎಂದು ವಿನಯವಾಗಿ ಕೇಳಿತು.

"ಅವರು ತೀರಿಕೊಂಡ್ರು," ಅಂದುಬಿಟ್ಟ.

ಎರಡು ಸಮಾಧಾನದ ಮಾತಾಡಿ ಆಕೆ ಫೋನಿಟ್ಟಳು. ಇಷ್ಟು ಸುಲಭವೇ ಎಂದು ಅವನಿಗೇ ಆಶ್ಚರ್ಯ.

ವಾರ ಕಳೆದ ಮೇಲೆ ದಪ್ಪನೆಯ ಲಕೋಟೆ ಬಂತು. ಒಳಗೆ ಸಂತಾಪದ ಕಾಗದ. ಅಗಲಿದವರ ನೆನಪಿನಲ್ಲಿ ಒಂದು ಕತ್ತೆಯ ವರ್ಷದ ಮೇವಿನ ಖರ್ಚು ವಹಿಸಿಕೊಳ್ಳಬಹುದಂತೆ. ಬಯಸಿದರೆ ಕತ್ತೆಗೆ ಅವರ ಹೆಸರನ್ನೇ ಇಡುತ್ತಾರಂತೆ. ಅಕ್ಕ ಓದಿ, ನಕ್ಕು ನಕ್ಕು ಮೆಟ್ಟಿಲ ಮೇಲೆ ಕೂತುಬಿಟ್ಟಳು.

"ಮದುವೆ ಆಗ್ದೇನೇ ವಿಧುರ ಆಗ್ಬಿಟ್ಯಲ್ಲೋ," ಎಂದಳು.

ಅವನಿಗೆ ನಗು ಬರಲಿಲ್ಲ. ಯಾರೋ ಪಾಪ ನಿಜವಾಗಿ ಮರುಗಿ ಬರೆದಿದ್ದಾರೆ ಅನ್ನಿಸಿ ಮನಸ್ಸು ಚುಚ್ಚತೊಡಗಿತು. ಮರುದಿನ ಅಂಗಡಿಗೆ ಬೀಗ ಹಾಕಿ ಸಂಸ್ಥೆಯ ಆಫೀಸಿಗೇ ಹೋದ. ಲಕೋಟೆಗಳ ರಾಶಿಯ ನಡುವೆ ಹೆಂಗಸೊಬ್ಬಳು ವಿಳಾಸದ ಚೀಟಿ ಅಂಟಿಸುತ್ತಿದ್ದಳು. ಅವನು ಹೆಸರು ಹೇಳಿದ್ದೇ ತಡ, ಎದ್ದು ನಿಂತು ಮನೆಯವರ ವಿಷಯ ಕೇಳಿ ಬೇಜಾರಾಯಿತು ಎಂದಳು. ಫೋನಿನಲ್ಲಿ ಕೇಳಿದ ದನಿಯೇ ಅದು.

ಅವನ ಕಿವಿ ಕೆಂಪಾಯಿತು. "ಅವರು ತೀರಿಕೊಂಡಿಲ್ಲಮ್ಮ," ಎಂದ. ಆಕೆ ಕಣ್ಣರಳಿಸಿದಳು. "ಅಂದ್ರೆ... ಅವರು ಇರಲೇ ಇಲ್ಲ. ನಂಗೆ ಮದುವೇನೇ ಆಗಿಲ್ಲ."

ಆಕೆ ತುಟಿ ಕಚ್ಚಿ ತಡೆದುಕೊಳ್ಳಲು ನೋಡಿದಳು. ಆಗಲಿಲ್ಲ, ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಅವನಿಗೂ ಆಗ ನಗು ಬಂತು. ನಗುವಿನ ಧೈರ್ಯದಲ್ಲೇ, ಜನ್ಮದಲ್ಲಿ ಮೊದಲ ಸಲ, ಇಂಥದ್ದು ನನಗೆ ಬೇಡ ಎಂದು ನೇರವಾಗಿ ಹೇಳಿದ: ಫೋನು ಬೇಡ, ವರ್ಷಕ್ಕೆ ಒಂದೇ ಕಾಗದ ಸಾಕು, ತನ್ನ ವಿಳಾಸ ಇನ್ಯಾರಿಗೂ ಕೊಡಬಾರದು. ದಾನಿಗಳ ಪಟ್ಟಿಯನ್ನು ಬೇರೆ ಸಂಸ್ಥೆಗಳ ಜೊತೆ ಹಂಚಿಕೊಂಡಿದ್ದು ತಮ್ಮದೇ ತಪ್ಪೆಂದು ಆಕೆ ಒಪ್ಪಿಕೊಂಡಳು. ಅವನ ಕಣ್ಣೆದುರೇ ಶ್ರೀಮತಿಯನ್ನು ಅಳಿಸಿಹಾಕಿದಳು.

ಉಳಿದವರಿಗೆ ಅವನೇ ಫೋನು ಮಾಡಿ ಹೇಳಿದ. ಗೂಬೆಗಳವರು ಒಂದೇ ಮಾತಿಗೆ ಒಪ್ಪಿದರು. ಆಮೆಗಳವರು ಮಾತ್ರ ಮೂರು ತಿಂಗಳು ತೆಗೆದುಕೊಂಡರು. ಕತ್ತೆಗಳಿಗೆ ಅವನು ಈಗಲೂ ವರ್ಷಕ್ಕೊಮ್ಮೆ ದುಡ್ಡು ಕಳಿಸುತ್ತಾನೆ, ಅವರ ಕಾಗದ ಬರುವ ಮೊದಲೇ.