ಕಿಟಕಿ ಪಕ್ಕದ ದಸ್ತಿ

೨೦೨೫ರ ಆಗಸ್ಟ್ ೩೧, ಭಾನುವಾರ, ಬೆಳಿಗ್ಗೆ ಎಂಟು ಗಂಟೆ ಹತ್ತು ನಿಮಿಷ. ಸಿಂಧನೂರು ನಿಲ್ದಾಣದಲ್ಲಿ ಟವೆಲು ರೈಲಿನ ಗಾಜಿಗೆ ಬಡಿದು ಕೆಳಗೆ ಬಿತ್ತು.

ಎಸೆದವನು ಅದನ್ನು ಎತ್ತಿ, ಮಣ್ಣು ಕೊಡವಿ, ಮತ್ತೊಮ್ಮೆ ಎಸೆಯಲು ಕೈ ಎತ್ತಿದ. ಪಕ್ಕದಲ್ಲಿದ್ದ ಹೆಂಡತಿ ಅವನ ರಟ್ಟೆ ಹಿಡಿದಳು. ಬೋಗಿಯ ಬಾಗಿಲು ತೆರೆದೇ ಇದ್ದುದರಿಂದ ಮಾತು ಒಳಗೆ ಕೇಳುತ್ತಿತ್ತು.

"ಆ ಕಿಡಕಿ ತೆರೆಯಂಗಿಲ್ಲ. ಕಣ್ಣು ಕಾಣಂಗಿಲ್ಲೇನು ನಿನಗ?"

"ಮತ್ತ ಸೀಟು ಹೆಂಗ ಹಿಡೀಬೇಕಲೇ ಅಂಬಮ್ಮ?"

"ಟಿಕೆಟಿನ್ಯಾಗ ನಂಬರ್ ಐತಿ. ಸೀಟ ನಿನ್ನ ಹಿಡಕೊಂಡು ಕುಂತೈತಿ, ನಡಿ ಒಳಗ."

ಗಂಡ ಟವೆಲನ್ನು ಹೆಗಲಿಗೆ ಹಾಕಿಕೊಂಡು ಬಾಗಿಲ ಕಡೆ ನಡೆದ. ಅಂಬಮ್ಮ ಮಾತ್ರ ಗಾಜಿಗೆ ಇನ್ನಷ್ಟು ಹತ್ತಿರ ಬಂದು ನೇರವಾಗಿ ಒಳಗೆ ಕೂತಿದ್ದ ಆಸೀಮನ ಕಣ್ಣನ್ನೇ ನೋಡುತ್ತ ಸೆರಗು ಸರಿಮಾಡಿಕೊಂಡಳು. ಹಲ್ಲು ಕಿಸಿದು ನೋಡಿಕೊಂಡಳು. ಆಸೀಮ್ ತಲೆ ಹಿಂದೆ ಸರಿಸಿದ.

"ಹೊರಗ ಬೆಳಕು ಜಾಸ್ತಿ, ಒಳಗ ಕಡಿಮೆ. ಗಾಜಿಗೆ ಬಣ್ಣದ ಲೇಪನ ಬ್ಯಾರೆ ಐತಿ. ಹೊರಗಿನವರಿಗೆ ಇದು ಕನ್ನಡಿ," ಎಂದ.

"ಹೌದ್ರೀ?" ಎಂದಳು ಕಿಟಕಿ ಪಕ್ಕದ ಸೀಟಿನಲ್ಲಿದ್ದ ಅವನ ಹೆಂಡತಿ ಅತೀಯಾ.

ಅಷ್ಟೇ. ಲಿಂಗಸುಗೂರಿನ ಮನೆಯಲ್ಲಿ ಅವರು ದಖ್ಖನಿ ಉರ್ದುವಿನಲ್ಲಿ ಮಾತಾಡುತ್ತಿದ್ದರು, ಜಗಳವೂ ದಖ್ಖನಿಯಲ್ಲೇ. ಇವತ್ತು ಅವಳು ಬೆಳಗಿನಿಂದ ಕನ್ನಡ ಬಿಟ್ಟಿರಲಿಲ್ಲ. ಬ್ಯಾಂಕಿನಲ್ಲಿ, ತಹಸೀಲ್ ಕಚೇರಿಯಲ್ಲಿ ಮಾತಾಡುವ ಕನ್ನಡ, ಮರ್ಯಾದೆಯದು. ಅವನೂ ಅದರಲ್ಲೇ ಉತ್ತರಿಸಿದ.

ಮೂರು ತಿಂಗಳಿಂದ ಅತೀಯಾ ಮಸ್ಕಿಯ ತವರಿನಲ್ಲಿದ್ದಳು. ಹಿರಿಯರು ಎರಡು ಸಲ ಕೂತರು. ಎರಡೂ ಸಲ ಹಿರಿಯರೇ ಮಾತಾಡಿದರು, ಗಂಡ ಹೆಂಡತಿ ಚಾಪೆಯ ಅಂಚು ನೋಡುತ್ತ ಕೂತರು. ಕೊನೆಗೆ ಅತೀಯಾಳ ತಾಯಿ ಮುನ್ನಿಬೀಗೆ ಈ ರೈಲು ಹೊಳೆಯಿತು. ಸಿಂಧನೂರಿಗೆ ಗಾಜಿನ ಬೋಗಿ ಬಂದು ಎರಡು ಭಾನುವಾರವಾಗಿತ್ತು. ಗಂಗಾವತಿಯವರೆಗೆ ಹೋಗುವುದು, ತಿರುಗಿ ಬರುವುದು. ಎಲ್ಲಿಗೂ ಹೋಗಬೇಕಾಗಿಲ್ಲದವರು ಕೂತು ನೋಡುವ ರೈಲು.

"ಇಬ್ಬರನ್ನ ಕೂಡಿಸಿಬಿಡ್ರಿ," ಎಂದಿದ್ದಳಂತೆ ಮುನ್ನಿಬೀ. "ಮನ್ಯಾಗಾದ್ರ ಒಬ್ರು ಎದ್ದು ಹೊರಗ ಹೋಗ್ತಾರ. ರೈಲಿನ್ಯಾಗ ಎಲ್ಲಿಗೆ ಹೋಗ್ತಾರ?"

ಅವಳೂ ಬಂದಿದ್ದಳು. ಹಿಂದಿನ ಸಾದಾ ಬೋಗಿಯಲ್ಲಿ ಊಟದ ಡಬ್ಬಿಯೊಂದಿಗೆ ಕೂತಿದ್ದಳು. ಒಪ್ಪಂದ ಸರಳವಾಗಿತ್ತು. ರೈಲು ಸಿಂಧನೂರಿಗೆ ವಾಪಸಾಗುವಷ್ಟರಲ್ಲಿ ಅತೀಯಾ ತನ್ನ ಮಾತು ಹೇಳಬೇಕು. ಆಮೇಲೆ ಮೂವರೂ ಹತ್ತುವುದು ಒಂದೇ ಬಸ್ಸು. ನಡುವೆ ಮಸ್ಕಿ ಬರುತ್ತದೆ. ಅಲ್ಲಿ ಅವಳು ತಾಯಿಯ ಜೊತೆ ಇಳಿಯುತ್ತಾಳೋ, ಲಿಂಗಸುಗೂರಿನವರೆಗೆ ಕೂತೇ ಇರುತ್ತಾಳೋ. ಪ್ರಶ್ನೆ ಇಷ್ಟು ಚಿಕ್ಕದಾಗಿದ್ದುದು ಆಸೀಮನಿಗೆ ಸಮಾಧಾನ ತಂದಿತ್ತು. ಕಾಲೇಜಿನಲ್ಲಿ ರಸಾಯನಶಾಸ್ತ್ರ ಹೇಳುವವನು. ಎರಡೇ ಫಲಿತಾಂಶವಿರುವ ಪ್ರಯೋಗಗಳು ಅವನಿಗೆ ಇಷ್ಟ.

ರೈಲು ಹೊರಟಿತು. ಟವೆಲಿನ ಮನುಷ್ಯ ಸೀಟುಗಳ ನಡುವಿನ ಓಣಿಯ ಆಚೆ ಬದಿಯಲ್ಲಿ ಹೆಂಡತಿಯ ಜೊತೆ ಕೂತ.

"ನಾ ಗೊರೇಬಾಳದ ನರಸಣ್ಣ ಅಂತ. ನೀವು ಮಾಸ್ತರ ಅದೀರೇನ್ರಿ?"

"ಹೌದು. ಹೆಂಗ ಗೊತ್ತಾತು?"

"ಗಾಜಿನ ಸುದ್ದಿ ಹೇಳಾಕತ್ತಿದ್ರಲ್ಲ. ಹೇಣ್ತಿ ಮುಂದ ಕುಂತು ಗಾಜಿನ ಸುದ್ದಿ ಹೇಳೋ ಗಂಡಸನ್ನ ಇವತ್ತ ನೋಡಿದೆ."

"ನೀ ಏನ ಹೇಳ್ತಿ ನನ್ನ ಮುಂದ?" ಎಂದಳು ಅಂಬಮ್ಮ. "ದಿನಾ ನೋಡೋ ಗದ್ದಿ ನೋಡಾಕ ರೈಲು ಹತ್ತಿಸಿಕೊಂಡು ಬಂದಾನ, ನೋಡವಾ ತಂಗಿ."

ಅತೀಯಾ ನಕ್ಕಳು. ನಗು ಆಸೀಮನ ಎದುರಿನಿಂದ ದಾಟಿ ಓಣಿಯಾಚೆ ಹೋಯಿತು.

ನರಸಣ್ಣನ ಗದ್ದೆ ಇದ್ದದ್ದು ಅತೀಯಾಳ ಕಿಟಕಿಯ ಬದಿಗೆ. ರೈಲಿನಿಂದ ನೋಡಿದರೆ ತನ್ನ ಹೊಲ ಹೇಗೆ ಕಾಣುತ್ತದೆ ಎಂಬುದು ಅವನ ಕುತೂಹಲ. ಎದ್ದು ಬಂದು, ಸೀಟಿನ ಬೆನ್ನು ಹಿಡಿದು ಬಗ್ಗಿದ. ಹೊರಗೆ ನಾಟಿ ಮುಗಿದ ಗದ್ದೆಗಳು, ಕಾಲುವೆ, ವಲಸೆ ರೈತರ ಕ್ಯಾಂಪಿನ ಮನೆಗಳು, ಮತ್ತೆ ಗದ್ದೆಗಳು. ಎಲ್ಲ ಒಂದೇ ಹಸಿರು.

"ಈಗ ಬರ್ತದ ನೋಡ್ರಿ... ಬೇವಿನ ಗಿಡ ಐತಿ ಬದುವಿಗೆ... ಅದಾ... ಅಲ್ಲ ಅಲ್ಲ..."

ಬಂದಿತೋ ಹೋಯಿತೋ ತಿಳಿಯಲಿಲ್ಲ. ನರಸಣ್ಣ ಸ್ವಲ್ಪ ಹೊತ್ತು ಹಾಗೆಯೇ ಬಗ್ಗಿದ್ದು, "ತಪ್ಪಿತು. ಬರೋವಾಗ ನೋಡೋಣು," ಎಂದು ಹೋಗಿ ಕೂತ.

"ಹತ್ತಿರದ್ದೆಲ್ಲ ಓಡ್ತದಲ್ರೀ," ಎಂದಳು ಅತೀಯಾ. ಅವಳಾಗಿ ಆಡಿದ ಮೊದಲ ಮಾತು. "ದೂರದ ಗುಡ್ಡ ನೋಡ್ರಿ, ನಿಂತ ಬಿಟ್ಟಾವ."

ಆಸೀಮನ ಎದೆ ಹಗುರಾಯಿತು. "ಅದು ಕೋನದ ಲೆಕ್ಕ. ವೇಗ ಒಂದ ಇರ್ತದ, ಆದರ ಹತ್ತಿರದ ವಸ್ತು ನಮ್ಮ ಕಣ್ಣಿನ್ಯಾಗ ಹೆಚ್ಚು ಕೋನ ದಾಟ್ತದ, ದೂರದ್ದು..."

ಅವಳು ತಲೆಯಾಡಿಸಿದಳು. ಅವನು ಮುಗಿಸುವವರೆಗೂ ತಲೆಯಾಡಿಸಿದಳು.

ಕಾರಟಗಿ ದಾಟಿತು. ಆಕಾಶ ಮೋಡವಿಲ್ಲದೆ, ತೊಳೆದಿಟ್ಟ ಪಾತ್ರೆಯಂತೆ ಖಾಲಿಯಾಗಿತ್ತು. ಹಿಂದಿನ ಸಾಲಿನವರು ಮಂಡಕ್ಕಿ ಚೀಲ ಬಿಚ್ಚಿದರು.

"ಅವತ್ತು ದವಾಖಾನಿಯಾಗ," ಎಂದಳು ಅತೀಯಾ, ಹೊರಗೆ ನೋಡುತ್ತಲೇ, "ಕೂಸು ಹೋದ ದಿನ. ನೂರಕ್ಕ ಎಷ್ಟು ಅಂದಿದ್ರಿ ನೀವು?"

"ಹದಿನೈದು. ಮೊದಲ ಮೂರು ತಿಂಗಳಾಗ ನೂರಕ್ಕ ಹದಿನೈದು ಬಸಿರು ಹಂಗ..."

ಅಷ್ಟರಲ್ಲಿ ಅದು ಪ್ರಶ್ನೆಯಲ್ಲವೆಂದು ಅವನಿಗೆ ಹೊಳೆಯಿತು. ಉತ್ತರ ಸರಿಯಾಗಿತ್ತು. ಅವತ್ತೂ ಸರಿಯಾಗಿಯೇ ಇತ್ತು. ಸಮಾಧಾನಕ್ಕೆಂದೇ ಹೇಳಿದ್ದ, ಬೇರೆ ಸಮಾಧಾನ ಅವನ ಬಳಿ ಇರಲಿಲ್ಲ.

"ಹೂಂ," ಎಂದಳು. "ಹದಿನೈದ. ನಾನು ಇಪ್ಪತ್ತು ಅಂತ ತಿಳಕೊಂಡಿದ್ದೆ."

ಗಂಗಾವತಿ ಬರುವವರೆಗೆ ಇಬ್ಬರೂ ಬಂಡೆಗಳನ್ನು ನೋಡಿದರು. ಒಂದರ ಮೇಲೊಂದು ಕೂತ ಬಂಡೆಗಳು. ಎಲ್ಲರೂ ಮೊಬೈಲು ಎತ್ತಿ ಫೋಟೊ ತೆಗೆದರು. ಫೋಟೊಗಳಲ್ಲಿ ಗಾಜಿನ ಮೇಲಿನ ಅವರವರ ಮುಖಗಳೂ ಮಸುಕಾಗಿ ಬಂದವು.

ಅಲ್ಲಿ ಇಂಜಿನ್ ಕಳಚಿ ಇನ್ನೊಂದು ತುದಿಗೆ ಜೋಡಿಸಬೇಕು. ಜನ ಚಹಾ, ಮಿರ್ಚಿ ಎನ್ನುತ್ತ ಇಳಿದರು. ಅತೀಯಾ ಎದ್ದಳು. ಪರ್ಸಿನಿಂದ ದಸ್ತಿ ತೆಗೆದಳು, ನೀಲಿ ಅಂಚಿನ ಬಿಳಿ ಕರವಸ್ತ್ರ. ಕೂತಿದ್ದ ಸೀಟಿನ ಮೇಲೆ ಅದನ್ನು ಬಿಡಿಸಿ ಹಾಸಿ, ಸುಕ್ಕು ಸವರಿದಳು. ಇಳಿದು ಹೋದಳು.

ಆಸೀಮ್ ದಸ್ತಿಯನ್ನು ನೋಡಿದ. ಒಮ್ಮೆಲೆ ಅವನಿಗೆ ಹಸಿವಾಯಿತು. ತಿಂಗಳುಗಳ ನಂತರದ ಹಸಿವು.

ಮದುವೆಯಾದ ಹೊಸತರಲ್ಲಿ ಲಿಂಗಸುಗೂರು ಬಸ್ ನಿಲ್ದಾಣದಲ್ಲಿ ಅವನು ಬಸ್ಸಿನ ಕಿಟಕಿಯಿಂದ ತನ್ನ ದಸ್ತಿ ತೂರಿ ಅವಳಿಗೆ ಸೀಟು ಹಿಡಿಯುತ್ತಿದ್ದ. ಗದ್ದಲದಲ್ಲಿ ತೂರಿಕೊಂಡು ಅವರು ಒಳಗೆ ಹೋಗುವಷ್ಟರಲ್ಲಿ ಬಸ್ಸು ತುಂಬಿರುತ್ತಿತ್ತು. ಆ ಸೀಟು ಮಾತ್ರ ಖಾಲಿ. ಬೈಯುವವರು ಬೈಯುತ್ತಿದ್ದರು, ನಿಲ್ಲುವವರು ನಿಲ್ಲುತ್ತಿದ್ದರು, ದಸ್ತಿಯ ಮೇಲೆ ಯಾರೂ ಕೂರುತ್ತಿರಲಿಲ್ಲ. ಆ ಸೀಮೆಯಲ್ಲಿ ಅದಕ್ಕೆ ಅಪೀಲು ಇಲ್ಲ. ದಸ್ತಿ ಹಾಕಿದವರು ಬರುತ್ತಾರೆ.

ಗಾಜಿನಾಚೆ ಚಹಾದಂಗಡಿಯ ಮುಂದೆ ಅತೀಯಾ ತಾಯಿಯ ಪಕ್ಕ ನಿಂತಿದ್ದಳು. ಮುನ್ನಿಬೀ ಏನೋ ಹೇಳಿದಳು. ಅತೀಯಾ ಬಾಯಿಗೆ ಕೈ ಅಡ್ಡ ಹಿಡಿದಳು. ನಕ್ಕಳೋ ಅತ್ತಳೋ, ಶಬ್ದ ಒಳಗೆ ಬರಲಿಲ್ಲ. ಇಳಿದು ಹೋಗಬಹುದಿತ್ತು. ಹೋದರೆ ಒತ್ತಾಯ ಮಾಡಿದಂತಾಗುತ್ತದೆ ಎಂದುಕೊಂಡ. ಅಲ್ಲದೆ ಸೀಟು ಕಾಯಬೇಕು.

ಸೀಟುಗಳನ್ನು ತಿರುಗಿಸಿಕೊಳ್ಳಿ ಎಂದು ಬೋಗಿಯ ಸಿಬ್ಬಂದಿ ಕೂಗಿದ. ಕಾಲಡಿಯ ಪಟ್ಟಿ ಒತ್ತಿದರೆ ಪ್ರತಿ ಸೀಟೂ ಬೇರೆಯಾಗಿ ತಿರುಗುತ್ತದೆ. ಆಸೀಮ್ ತನ್ನದನ್ನು ತಿರುಗಿಸಿದ. ಆಮೇಲೆ ದಸ್ತಿ ಜಾರದಂತೆ ಒಂದು ಕೈಯಲ್ಲಿ ಹಿಡಿದು, ಅವಳದನ್ನೂ ತಿರುಗಿಸಿದ.

ಜನ ಹತ್ತಿದರು. ಚಹಾದಂಗಡಿಯ ಮುಂದೆ ಯಾರೂ ಇರಲಿಲ್ಲ. ರೈಲು ಹೊರಟಿತು. ಸಾದಾ ಬೋಗಿಗೆ ತಾಯಿಯ ಜೊತೆ ಹತ್ತಿರುತ್ತಾಳೆ, ಊಟ ಮುಗಿಸಿ ಒಳಗಿನಿಂದಲೇ ಬರುತ್ತಾಳೆ. ಎರಡು ಬೋಗಿಗಳ ನಡುವೆ ಬಾಗಿಲಿತ್ತು. ಗಾಜಿನ ಬಾಗಿಲು. ಅದು ಆಗಾಗ ತೆರೆಯಿತು. ಮಿರ್ಚಿ ವಾಸನೆ ಬಂತು, ಅಳುವ ಕೂಸೊಂದನ್ನು ಎತ್ತಿಕೊಂಡ ಹೆಂಗಸು ಬಂದಳು, ಟಿ.ಸಿ. ಬಂದ.

ನರಸಣ್ಣ ಖಾಲಿ ಸೀಟಿನ ಹತ್ತಿರ ಬಂದು ನಿಂತ. "ತಂಗಿ ಎಲ್ಲಿ ಹೋಗ್ಯಾಳ್ರಿ? ಗೊರೇಬಾಳ ಬರೂಮಟ ಒಂಚೂರು..." ಎನ್ನುತ್ತಿದ್ದವನು ಸೀಟು ನೋಡಿ ನಿಲ್ಲಿಸಿದ. "ದಸ್ತಿ ಹಾಕ್ಯಾರಲ್ಲ. ಬಿಡ್ರಿ, ಮುಗೀತು."

ಟಿ.ಸಿ. ಬೇರೆ ಕಡೆಯವನು. "ಖಾಲಿ ಇದೆಯಲ್ಲ, ಅಜ್ಜಾ, ಕೂತ್ಕೊಳಿ," ಎಂದ.

"ಖಾಲಿ ಎಲ್ಲೈತ್ರಿ ಸಾಹೇಬ್ರ? ಮಂದಿ ಅದಾರ." ನರಸಣ್ಣ ದಸ್ತಿ ತೋರಿಸಿದ.

"ಬರ್ತಾರ," ಎಂದ ಆಸೀಮ್.

ಟಿ.ಸಿ. ಇಬ್ಬರ ಮುಖವನ್ನೂ ನೋಡಿ ಮುಂದೆ ಹೋದ.

ಕಾರಟಗಿ ಮತ್ತೆ ದಾಟಿತು. ಎದ್ದು ಆ ಬಾಗಿಲು ತೆರೆದರೆ ಉತ್ತರ ಸಿಗುತ್ತದೆ. ಇಲ್ಲೇ ಕೂತರೆ ಪ್ರಶ್ನೆಯಾದರೂ ಉಳಿಯುತ್ತದೆ. ಆಸೀಮ್ ಕೂತ. ಹೋಗಿ ಕರೆದರೆ ಏನೆಂದು ಕರೆಯುವುದು, ಯಾವ ಭಾಷೆಯಲ್ಲಿ ಕರೆಯುವುದು ಎಂದು ಯೋಚಿಸಿದ. ದಖ್ಖನಿಯಲ್ಲಿ ಒಂದು ವಾಕ್ಯ ಜೋಡಿಸಿದ. ಅದರಲ್ಲಿ ತಪ್ಪೇನೂ ಇರಲಿಲ್ಲ. ತರಗತಿಯಲ್ಲಿ ಹಾಜರಿ ಕರೆದಂತಿತ್ತು.

ಓಣಿಯಲ್ಲಿ ನರಸಣ್ಣ ಮತ್ತೆ ಬಗ್ಗಿ ನಿಂತ. ಖಾಲಿ ಸೀಟಿನ ಮೇಲೆ ಕೈ ಕೂಡ ಊರಲಿಲ್ಲ. ಗೊರೇಬಾಳದ ಹಸಿರು ಬಂತು, ಹೋಯಿತು.

"ಕಂಡಿತೇನು?" ಎಂದಳು ಅಂಬಮ್ಮ.

"ಕಂಡಂಗ ಆತು."

"ಯಾರದ್ದು ಕಂಡಿಯೋ ಏನೋ!"

ಸಿಂಧನೂರು. ಜನ ಎದ್ದರು, ಇಳಿದರು. "ಬರ್ತೀವ್ರಿ ಮಾಸ್ತರ," ಎಂದ ನರಸಣ್ಣ. ಆಸೀಮ್ ಕೈ ಎತ್ತಿದ.

ಆಗ ಅವಳು ಕಂಡಳು. ಸಾದಾ ಬೋಗಿಯಿಂದ ತಾಯಿಯ ಜೊತೆ ಇಳಿದು ಪ್ಲಾಟ್‌ಫಾರ್ಮಿನ ಮೇಲೆ ನಡೆದು ಬರುತ್ತಿದ್ದಳು. ಗಾಜಿನ ಬೋಗಿಯ ಹತ್ತಿರ ಬಂದಾಗ ನಡಿಗೆ ನಿಧಾನವಾಯಿತು. ಅವನ ಕಿಟಕಿಯ ಮುಂದೆ ನಿಂತಳು. ತಿರುಗಿದಳು. ನೇರ ಅವನ ಕಣ್ಣುಗಳನ್ನೇ ನೋಡಿದಳು.

ಎಷ್ಟೋ ದಿನಗಳಿಂದ ಅವಳು ಹಾಗೆ ನೋಡಿರಲಿಲ್ಲ. ಆಸೀಮ್ ಖಾಲಿ ಸೀಟಿನ ಮೇಲಿಂದ ಬಗ್ಗಿ ಅಂಗೈಯನ್ನು ಗಾಜಿಗೆ ಒತ್ತಿದ. ದಖ್ಖನಿಯಲ್ಲಿ ಅವಳ ಹೆಸರು ಹಿಡಿದು ಏನೋ ಅಂದ. ಜೋಡಿಸಿಟ್ಟಿದ್ದ ವಾಕ್ಯವಲ್ಲ ಅದು.

ಅವಳು ಕೈ ಎತ್ತಿ ದುಪಟ್ಟ ಸರಿಮಾಡಿಕೊಂಡಳು. ಕಣ್ಣಂಚಿನ ಕಾಡಿಗೆ ಬೆರಳ ತುದಿಯಿಂದ ಒರೆಸಿದಳು. ಮುಖವನ್ನು ಅತ್ತಿತ್ತ ತಿರುಗಿಸಿ ನೋಡಿಕೊಂಡಳು. ಸರಿಹೋಯಿತು ಎನಿಸಿರಬೇಕು, ತಾಯಿಯ ಕೈಯಿಂದ ಡಬ್ಬಿ ತೆಗೆದುಕೊಂಡು ಗೇಟಿನ ಕಡೆ ನಡೆದಳು.

ಬಸ್ಸು ಒಂದೇ. ಓಡಿದರೆ ಸಿಗುತ್ತದೆ. ಆಸೀಮ್ ಕೂತೇ ಇದ್ದ.

ಬೋಗಿ ಖಾಲಿಯಾಯಿತು. ಗುಡಿಸುವ ಹೆಂಗಸು ಆ ತುದಿಯಿಂದ ಮಂಡಕ್ಕಿ ಗುಡಿಸುತ್ತ ಬಂದಳು. "ಇಲ್ಲಿ ಯಾರರ ಅದಾರೇನ್ರಿ?" ಎಂದು ಪಕ್ಕದ ಸೀಟಿನ ಕಡೆ ಪೊರಕೆ ತೋರಿಸಿ ಕೇಳಿದಳು.

ಆಸೀಮ್ ದಸ್ತಿಯ ಮೇಲೆ ಅಂಗೈ ಬಿಡಿಸಿ ಇಟ್ಟ. ಬಟ್ಟೆ ತಣ್ಣಗಿತ್ತು. ಅಳತೆಪಟ್ಟಿ ಸಿಗದಾಗ ಪ್ರಯೋಗಾಲಯದಲ್ಲಿ ಅವನು ಕೈಯಿಂದಲೇ ಅಳೆಯುವುದಿತ್ತು. ಅವನ ಗೇಣು ಇಪ್ಪತ್ತೊಂದು ಸೆಂಟಿಮೀಟರ್. ಗೇಣು ಮುಗಿದ ಮೇಲೆ ನೀಲಿ ಅಂಚಿನವರೆಗೆ ಇನ್ನೂ ನಾಲ್ಕು ಬೆರಳು ಉಳಿಯಿತು. ಅಡ್ಡಕ್ಕೂ ಅಳೆದ. ಅಷ್ಟೇ ಬಂತು.

ಇಪ್ಪತ್ತೆಂಟು ಸೆಂಟಿಮೀಟರ್.